ಲೆಕ್ಕ ಕೇಳುವ ಹಕ್ಕು: ರಾಯಚೂರು ದೋಆಬಿನ ಸೈನ್ಯವೆಚ್ಚ ಮತ್ತು ಪ್ರಭುತ್ವದ ಉತ್ತರದಾಯಿತ್ವ (1853–1936)

1. ಪ್ರವೇಶ

ಕನ್ನಡದಲ್ಲಿ 'ಲೆಕ್ಕ' ಎಂಬ ಪದಕ್ಕೆ ಎರಡು ಮುಖ್ಯ ಅರ್ಥಗಳಿವೆ. ಆಯವ್ಯಯಗಳ ಎಣಿಕೆ ಎಂಬುದು ಒಂದು; ಪರಿಗಣನೆ, ಗಣ್ಯತೆ ಎಂಬುದು ಇನ್ನೊಂದು. 'ಲೆಕ್ಕ ಒಪ್ಪಿಸು' ಎಂಬಲ್ಲಿ ಮೊದಲನೆಯ ಅರ್ಥವೂ 'ಅವರು ಲೆಕ್ಕಕ್ಕಿಲ್ಲ' ಎಂಬಲ್ಲಿ ಎರಡನೆಯ ಅರ್ಥವೂ ಕಾಣುತ್ತವೆ. ಆಡಳಿತ ಪರಿಭಾಷೆಯಲ್ಲಿ ಈಚೆಗೆ ನೆಲೆಗೊಂಡಿರುವ 'ಉತ್ತರದಾಯಿತ್ವ' ಎಂಬ ಪದವು ಈ ಎರಡು ಅರ್ಥಗಳ ನಡುವಣ ಸಂಬಂಧವನ್ನೇ ಸೂಚಿಸುತ್ತದೆ. ಆಳುವವರು ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೋ ಅವರಿಗೆ ಮಾತ್ರ ಲೆಕ್ಕ ಒಪ್ಪಿಸುತ್ತಾರೆ.

ಸೈನ್ಯವೆಚ್ಚ, ನಿರುದ್ಯೋಗ ಮತ್ತು ಸರ್ಕಾರದ ಹೊಣೆಗಾರಿಕೆ ಎಂಬ ಮೂರು ಪ್ರಶ್ನೆಗಳು ಒಟ್ಟಿಗೆ ಚರ್ಚೆಗೆ ಬರುವಾಗ ಎರಡು ಮಹಾಯುದ್ಧಗಳ ನಡುವಣ ಬ್ರಿಟನ್ ಪ್ರಮುಖ ನಿದರ್ಶನವಾಗಿ ಒದಗುತ್ತದೆ. ಆದರೆ ಇವೇ ಪ್ರಶ್ನೆಗಳು ಅದಕ್ಕೂ ಬಹಳ ಹಿಂದೆ, ಬ್ರಿಟಿಷರ ಅಧಿಕಾರದ ಅಡಿಯಲ್ಲಿಯೇ, ಕೃಷ್ಣಾ-ತುಂಗಭದ್ರೆಗಳ ನಡುವಣ ಕನ್ನಡ ನಾಡಿನಲ್ಲಿ ಎದ್ದಿದ್ದವು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು, ಸಿಂಧನೂರು ಮತ್ತು ಮಸ್ಕಿ ಪ್ರದೇಶಗಳು 1853ರಲ್ಲಿ ಒಂದು ಸೈನ್ಯದ ಖರ್ಚಿಗಾಗಿ ಕೈಬದಲಾದವು, 1860ರಲ್ಲಿ ಹಿಂದಿರುಗಿದವು. ಈ ಏಳು ವರ್ಷಗಳ ಪ್ರಕರಣ ಮತ್ತು ಅದರ ದೀರ್ಘ ಪರಿಣಾಮಗಳನ್ನು ಪರಿಶೀಲಿಸಿ, ಲೆಕ್ಕ ಕೇಳುವ ಹಕ್ಕು ಯಾರಿಗೆ ಇತ್ತು, ಅದು ಹೇಗೆ ಕಳೆದುಹೋಯಿತು ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ನೆಲಕ್ಕಾಗಿ ಸೈನ್ಯ, ಸೈನ್ಯಕ್ಕಾಗಿ ನೆಲ

ರಾಯಚೂರು ದೋಆಬಿನ ಚರಿತ್ರೆಯು ಬಹುಮಟ್ಟಿಗೆ ಯುದ್ಧಗಳ ಚರಿತ್ರೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಇಮ್ಮಡಿ ಜಯಸಿಂಹನಿಗೂ ರಾಜೇಂದ್ರ ಚೋಳನಿಗೂ ಕಾಳಗ ನಡೆದ 'ಮುಸಂಗಿ'ಯನ್ನು ಹಲವು ವಿದ್ವಾಂಸರು ಮಸ್ಕಿಯೆಂದೇ ಗುರುತಿಸಿದ್ದಾರೆ. ವಿಜಯನಗರ ಮತ್ತು ಬಹಮನಿ ಅರಸರು ಮುದಗಲ್ಲು, ರಾಯಚೂರು ಕೋಟೆಗಳಿಗಾಗಿ ಮತ್ತೆ ಮತ್ತೆ ಹೋರಾಡಿದರು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿದ್ದು ಈ ನೆಲಕ್ಕಾಗಿಯೇ. ಈ ಎಲ್ಲ ಸಂದರ್ಭಗಳಲ್ಲಿ ಫಲವತ್ತಾದ ನೆಲವನ್ನು ಗೆಲ್ಲುವುದಕ್ಕಾಗಿ ಸೈನ್ಯವನ್ನು ಕಟ್ಟಲಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಂಬಂಧ ತಲೆಕೆಳಗಾಯಿತು. ಆಗಲೇ ಇದ್ದ ಸೈನ್ಯವೊಂದನ್ನು ಸಾಕುವುದಕ್ಕಾಗಿ ನೆಲವನ್ನು ಬಿಟ್ಟುಕೊಡಬೇಕಾಯಿತು.

ಆ ಸೈನ್ಯವೇ ಹೈದರಾಬಾದ್ ಕಂಟಿಂಜೆಂಟ್. 1800ರ ಒಪ್ಪಂದದ ಪ್ರಕಾರ ಯುದ್ಧದ ಸಂದರ್ಭದಲ್ಲಿ ನಿಜಾಮನು ತನ್ನ 6000 ಕಾಲಾಳುಗಳನ್ನೂ 9000 ಕುದುರೆ ಸವಾರರನ್ನೂ ಕಂಪನಿಯ ನೆರವಿಗೆ ಕಳುಹಿಸಬೇಕಿತ್ತು. ಶಾಂತಿಯ ಕಾಲದಲ್ಲಿಯೂ ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಕಾಯಂ ಸೈನ್ಯವೊಂದನ್ನು ಇಡಬೇಕೆಂಬ ಕರಾರು ಅದರಲ್ಲಿ ಇರಲಿಲ್ಲ. ಆದರೂ 1811ರಿಂದ 1820ರವರೆಗೆ ರೆಸಿಡೆಂಟನಾಗಿದ್ದ ಹೆನ್ರಿ ರಸೆಲ್, ಪೇಷ್ಕಾರ ಚಂದೂಲಾಲನ ಸಮ್ಮತಿ ಪಡೆದು, ನಿಜಾಮನ ಖರ್ಚಿನಲ್ಲಿಯೇ ಅಂಥ ದಂಡನ್ನು ರೂಪಿಸಿದ. ಮೊದಲು ಅದು 'ರಸೆಲ್ ಬ್ರಿಗೇಡ್' ಎಂದು ಹೆಸರಾಯಿತು. ಕಂಟಿಂಜೆಂಟ್ ಆಗಿ ಬೆಳೆದ ಕಾಲದಲ್ಲಿ ಅದರ ವಾರ್ಷಿಕ ವೆಚ್ಚ ಸುಮಾರು 40 ಲಕ್ಷ ರೂಪಾಯಿಗಳಷ್ಟಿತ್ತು. ನೇಮಕಾತಿ, ವೇತನ, ಬಡ್ತಿಗಳನ್ನು ನಿರ್ಧರಿಸುವ ಅಧಿಕಾರ ರೆಸಿಡೆನ್ಸಿಯದು; ಹಣ ತೆರುವ ಹೊಣೆ ನಿಜಾಮನದು. ಪಾಪದ ನಿಜಾಮನೇ ಎಲ್ಲಕ್ಕೂ ಹಣ ಕೊಡುತ್ತಾನೆ ಎಂಬ ಅರ್ಥದ ಕುಚೋದ್ಯದ ಮಾತು ಆಂಗ್ಲ ಅಧಿಕಾರಿಗಳ ವಲಯದಲ್ಲಿಯೇ ಬಳಕೆಯಲ್ಲಿತ್ತು. ಖರ್ಚು ಮಾಡುವವನು ಒಬ್ಬ, ಹಣ ಕೊಡುವವನು ಮತ್ತೊಬ್ಬ ಆದಾಗ ಮಿತವ್ಯಯಕ್ಕೆ ಕಾರಣವೇ ಉಳಿಯುವುದಿಲ್ಲ ಎಂಬುದು ಇಲ್ಲಿ ಗಮನಾರ್ಹ.

3. ಸಾಲದ ಬೆಳವಣಿಗೆ

ಸೈನ್ಯದ ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡಲು ಹೈದರಾಬಾದಿನ ಬೊಕ್ಕಸ ಸಾಲದೆ ಹೋದಾಗ ಸಾಹುಕಾರರು ಮುಂದೆ ಬಂದರು. ಅವರಲ್ಲಿ ಪ್ರಮುಖವಾದುದು ವಿಲಿಯಂ ಪಾಮರ್ ಕಂಪನಿ. ಗವರ್ನರ್ ಜನರಲನ ಅನುಮತಿ ಇಲ್ಲದೆ ಬ್ರಿಟಿಷ್ ಪ್ರಜೆಗಳು ದೇಶೀಯ ಅರಸರಿಗೆ ಸಾಲ ಕೊಡಬಾರದೆಂದು 1797ರಲ್ಲಿಯೇ ಬ್ರಿಟನ್ನಿನ ಪಾರ್ಲಿಮೆಂಟು ಕಾಯಿದೆ ಮಾಡಿತ್ತು. ಪಾಮರ್ ಕಂಪನಿಗೆ 1816ರಲ್ಲಿ ಅಂಥ ಅನುಮತಿ ದೊರೆಯಿತು. ಕಂಪನಿಯ ಪಾಲುದಾರನಾದ ವಿಲಿಯಂ ರಂಬೋಲ್ಡ್, ಆಗಿನ ಗವರ್ನರ್ ಜನರಲ್ ಹೇಸ್ಟಿಂಗ್ಸನ ಆಶ್ರಯದಲ್ಲಿ ಬೆಳೆದ ತರುಣಿಯನ್ನು ವಿವಾಹವಾಗಿದ್ದ. 1820ರಲ್ಲಿ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್‌ಕಾಫ್ ಈ ವ್ಯವಹಾರದ ಅಕ್ರಮಗಳನ್ನು ಬಯಲಿಗೆಳೆದ. ಸಾಲ ತೀರಿಸಲು, ಉತ್ತರ ಸರ್ಕಾರುಗಳಿಗಾಗಿ ಕಂಪನಿಯು ನಿಜಾಮನಿಗೆ ವರ್ಷಕ್ಕೆ ಕೊಡಬೇಕಾಗಿದ್ದ 7 ಲಕ್ಷ ರೂಪಾಯಿಗಳ ಪೇಷ್ಕಷ್ ಶಾಶ್ವತವಾಗಿ ರದ್ದಾಯಿತು. ಸಾಲಗಾರನೇನೋ ಬದಲಾದ, ಸಾಲದ ಮೂಲ ಮಾತ್ರ ಹಾಗೆಯೇ ಉಳಿಯಿತು. ಕಂಟಿಂಜೆಂಟಿನ ಸಂಬಳಕ್ಕಾಗಿ ಮುಂದೆ ರೆಸಿಡೆನ್ಸಿಯ ಖಜಾನೆಯೇ ಹಣ ಕೊಟ್ಟು, ಅದನ್ನು ಬಡ್ಡಿಸಹಿತ ನಿಜಾಮನ ಖಾತೆಗೆ ಬರೆಯತೊಡಗಿತು.

1853ರ ಹೊತ್ತಿಗೆ ಈ ಬಾಕಿಯನ್ನು ವಸೂಲು ಮಾಡಲು ಡಾಲ್‌ಹೌಸಿ ನಿರ್ಧರಿಸಿದ. ಶಾಂತಿಕಾಲದಲ್ಲಿಯೂ ಈ ಸೈನ್ಯವನ್ನು ಇಟ್ಟುಕೊಳ್ಳಲು 1800ರ ಒಪ್ಪಂದ ನಿಜಾಮನನ್ನು ಬದ್ಧನಾಗಿಸುವುದಿಲ್ಲವೆಂಬುದನ್ನು ಅವನೇ ತನ್ನ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದ. ಆದರೂ ಒತ್ತಾಯ ಸಡಿಲಲಿಲ್ಲ. ರೆಸಿಡೆಂಟ್ ಕರ್ನಲ್ ಲೋ ನಡೆಸಿದ ಮಾತುಕತೆಯಲ್ಲಿ ನಿಜಾಮ ನಾಸಿರುದ್ದೌಲನು ಹೇಳಿದನೆಂದು ದಾಖಲಾಗಿರುವ ವಿಚಾರವೊಂದು ಇಲ್ಲಿ ಮುಖ್ಯವಾಗುತ್ತದೆ. ಪಿತ್ರಾರ್ಜಿತ ಸೀಮೆಯನ್ನು ಅನಗತ್ಯವಾಗಿ ಬಿಟ್ಟುಕೊಡುವುದು, ನಿಷ್ಠೆಯಿಂದ ದುಡಿದ ಸೈನಿಕರನ್ನು ಕೆಲಸದಿಂದ ಬಿಡಿಸುವುದು, ಇವೆರಡೂ ಅರಸನಾದವನಿಗೆ ಅವಮಾನಕರ ಎಂಬುದು ಅವನ ನಿಲುವು. ಸೈನ್ಯವೆಚ್ಚದ ಸಮಸ್ಯೆಗೆ ಕಂಪನಿಯು ಮುಂದಿಟ್ಟಿದ್ದ ಪರಿಹಾರಗಳು ಇವೆರಡೇ. ಒಂದು, ಸೀಮೆಯ ನಷ್ಟ. ಇನ್ನೊಂದು, ಸೈನಿಕರ ನಿರುದ್ಯೋಗ. ತನ್ನ ಇಚ್ಛೆಯಿಂದ ಕಟ್ಟದ ಸೈನ್ಯದ ಸೈನಿಕರ ಬದುಕಿನ ಹೊಣೆಯನ್ನು ಅರಸನು ತನ್ನದೆಂದು ಭಾವಿಸಿದ್ದು ಹಳೆಯ ಪ್ರಭುತ್ವದ ನೀತಿಯ ಕುರುಹು.

4. 1853ರ ಒಪ್ಪಂದ ಮತ್ತು ಲೆಕ್ಕದ ಕರಾರು

1853ರ ಮೇ 21ರಂದು ಒಪ್ಪಂದವಾಯಿತು. ಕನಿಷ್ಠ 5000 ಕಾಲಾಳುಗಳು, 2000 ಕುದುರೆ ಸವಾರರು ಹಾಗೂ ನಾಲ್ಕು ಫಿರಂಗಿ ತುಕಡಿಗಳುಳ್ಳ ಕಂಟಿಂಜೆಂಟಿನ ಪೋಷಣೆಗಾಗಿ, ವರ್ಷಕ್ಕೆ ಸುಮಾರು 50 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆಗಳನ್ನು ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಲಾಯಿತು. ಬೀರಾರ, ಧಾರಾಶಿವ-ನಳದುರ್ಗ ಸೀಮೆ ಮತ್ತು ರಾಯಚೂರು ದೋಆಬ್ ಇವೇ ಆ ಪ್ರದೇಶಗಳು. ಹೀಗೆ ಲಿಂಗಸುಗೂರು, ಸಿಂಧನೂರು, ಮಸ್ಕಿ ಪರಿಸರದ ರೈತನು ತೆರುವ ಕಂದಾಯ ನೇರವಾಗಿ ಒಂದು ಸೈನ್ಯದ ಸಂಬಳವಾಗಿ ಮಾರ್ಪಟ್ಟಿತು.

ಈ ಒಪ್ಪಂದದಲ್ಲಿ ಒಂದು ಮಹತ್ವದ ಕರಾರು ಇತ್ತು. ಒಪ್ಪಿಸಿಕೊಂಡ ಸೀಮೆಗಳ ಆದಾಯ ಮತ್ತು ವೆಚ್ಚಗಳ ಪ್ರಾಮಾಣಿಕವಾದ ಲೆಕ್ಕವನ್ನು ರೆಸಿಡೆಂಟನು ಪ್ರತಿವರ್ಷವೂ ನಿಜಾಮನಿಗೆ ಒಪ್ಪಿಸಬೇಕು. ಖರ್ಚು ಕಳೆದು ಉಳಿದ ಹಣವನ್ನು ಹಿಂದಿರುಗಿಸಬೇಕು. ಅಸಮಾನರ ನಡುವಣ ಒಪ್ಪಂದವಾದರೂ ಬಲಹೀನನ ಕೈಯಲ್ಲಿ ಉಳಿದಿದ್ದ ಒಂದೇ ಆಯುಧ ಈ ಕರಾರು. ಸೀಮೆ ಕೈಬಿಟ್ಟರೂ ಲೆಕ್ಕ ಕೇಳುವ ಹಕ್ಕು ಉಳಿದಿತ್ತು. ಆದರೆ ಲೆಕ್ಕ ಕೇಳಬಹುದಾಗಿದ್ದವನು ಅರಸನೊಬ್ಬನೇ. ಕಂದಾಯ ಕೊಡುವ ರೈತನಾಗಲಿ, ಊರಿನ ಲೆಕ್ಕ ಬರೆಯುವ ಕುಲಕರ್ಣಿಯಾಗಲಿ ಒಪ್ಪಂದದ ಪಕ್ಷಗಾರರಾಗಿರಲಿಲ್ಲ. ಹಳ್ಳಿಯ ಮಟ್ಟದಲ್ಲಿ ಲೆಕ್ಕವು ಕೆಳಗಿನಿಂದ ಮೇಲಕ್ಕೆ ಮಾತ್ರ ಸಾಗುತ್ತಿತ್ತು. ಮೇಲಿನಿಂದ ಕೆಳಕ್ಕೆ ಬರುವ ಲೆಕ್ಕದ ಕಲ್ಪನೆ ಆ ವ್ಯವಸ್ಥೆಯಲ್ಲಿ ಇರಲಿಲ್ಲ.

ಆ ಸೈನ್ಯ ಯಾರ ವಿರುದ್ಧ ಬಳಕೆಯಾಯಿತು ಎಂಬ ಪ್ರಶ್ನೆಗೆ 1858ರ ಸುರಪುರದ ಘಟನೆಯಲ್ಲಿ ಉತ್ತರ ದೊರೆಯುತ್ತದೆ. ಲಿಂಗಸುಗೂರು ಕಂಟಿಂಜೆಂಟಿನ ಒಂದು ಛಾವಣಿಯಾಗಿತ್ತು. ಸುರಪುರದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತಾಗ, ಫೆಬ್ರುವರಿ ತಿಂಗಳಲ್ಲಿ ಕ್ಯಾಪ್ಟನ್ ವಿಂಡಂ ಅಲ್ಲಿಂದಲೇ ಕಂಟಿಂಜೆಂಟಿನ ತುಕಡಿಯೊಂದಿಗೆ ಸುರಪುರಕ್ಕೆ ಸಾಗಿದ. ದೋಆಬಿನ ಕನ್ನಡ ರೈತರ ಕಂದಾಯದಿಂದ ಪೋಷಣೆಗೊಂಡ ದಂಡು ಕೃಷ್ಣೆಯ ಆಚೆ ದಡದ ಕನ್ನಡ ಬೇಡರ ಮೇಲೆ ನಡೆಯಿತು. ಸುರಪುರದ ಚರಿತ್ರೆಯನ್ನು ಸಾಮಾನ್ಯವಾಗಿ ಶೌರ್ಯದ ಕಥನವಾಗಿ ಓದಲಾಗುತ್ತದೆ. ಅದರ ಜೊತೆಗೆ ಅದನ್ನು ಹತ್ತಿಕ್ಕಿದ ಸೈನ್ಯದ ಖರ್ಚಿನ ಮೂಲವನ್ನೂ ಓದಿದಾಗ ಆ ಚರಿತ್ರೆಯ ಸಂಕೀರ್ಣತೆ ಸ್ಪಷ್ಟವಾಗುತ್ತದೆ.

ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನ ಬದುಕಿನಲ್ಲಿಯೂ ಇದೇ ಸಂಕೀರ್ಣತೆ ಇದೆ. ಜನರ ಬಾಯಲ್ಲಿ 'ಮಹಾದೇವ ಬಾಬಾ' ಆಗಿದ್ದ ಅವನು ಸ್ವತಃ ಕಂಟಿಂಜೆಂಟಿನ ಅಧಿಕಾರಿ. ಸಾಹುಕಾರ ವಿಲಿಯಂ ಪಾಮರನ ಅಳಿಯ. 1853ರ ಬಳಿಕ ನಳದುರ್ಗ ಸೀಮೆಯ ಆಡಳಿತಗಾರ. ಸೈನ್ಯ, ಸಾಲ, ಸೀಮೆ ಎಂಬ ಮೂರೂ ಎಳೆಗಳು ಅವನೊಬ್ಬನಲ್ಲಿ ಕೂಡಿಕೊಂಡಿವೆ. 1877ರಲ್ಲಿ ಪ್ರಕಟವಾದ ಅವನ ಆತ್ಮಕಥೆಯನ್ನು ಈ ದೃಷ್ಟಿಯಿಂದ ಮತ್ತೆ ಓದುವ ಅಗತ್ಯವಿದೆ.

5. ಹಕ್ಕಿನ ವಿಸರ್ಜನೆ: 1860

1860ರ ಡಿಸೆಂಬರಿನಲ್ಲಿ ಹೊಸ ಒಪ್ಪಂದವಾಯಿತು. 1857ರ ದಂಗೆಯ ಕಾಲದಲ್ಲಿ ಹೈದರಾಬಾದು ತೋರಿದ ನಿಷ್ಠೆಗೆ ಇದು ಬಹುಮಾನವೆಂದು ಬಣ್ಣಿಸಲಾಯಿತು. ರಾಯಚೂರು ದೋಆಬ್ ಮತ್ತು ಧಾರಾಶಿವ ಸೀಮೆಗಳು ನಿಜಾಮ ಅಫ್ಜಲುದ್ದೌಲನಿಗೆ ಮರಳಿದವು. ಸುರಪುರ ಸಂಸ್ಥಾನವೂ ಅವನ ವಶವಾಯಿತು. 50 ಲಕ್ಷ ರೂಪಾಯಿಗಳ ಸಾಲ ಮನ್ನಾ ಆಯಿತು. 32 ಲಕ್ಷ ರೂಪಾಯಿ ಹುಟ್ಟುವಳಿಯ ಬೀರಾರ ಮಾತ್ರ ಕಂಟಿಂಜೆಂಟಿನ ಖರ್ಚಿಗಾಗಿ ಬ್ರಿಟಿಷರಲ್ಲಿ ಉಳಿಯಿತು.

ಈ ಔದಾರ್ಯಕ್ಕೆ ಬದಲಾಗಿ ಪಡೆದುದೇನು ಎಂಬುದು ಒಪ್ಪಂದದ ಇನ್ನೊಂದು ಕರಾರಿನಲ್ಲಿದೆ. ಹಿಂದಿನ, ಇಂದಿನ ಮತ್ತು ಮುಂದಿನ ಯಾವ ಲೆಕ್ಕವನ್ನೂ ಕೇಳುವುದಿಲ್ಲವೆಂದು ನಿಜಾಮನು ಒಪ್ಪಿದನು. ಆಡಳಿತವೆಚ್ಚ ಎಷ್ಟಾಗಬೇಕೆಂಬುದನ್ನು ಬ್ರಿಟಿಷ್ ಸರ್ಕಾರವೇ ತನ್ನ ವಿವೇಚನೆಯಿಂದ ನಿರ್ಧರಿಸಿ, ಉಳಿದರೆ ಉಳಿದುದನ್ನು ಕೊಡುವುದೆಂದಾಯಿತು. ಅಂದರೆ ಸೀಮೆಗಳಲ್ಲಿ ಒಂದು ಭಾಗವನ್ನು ಹಿಂದಿರುಗಿಸಿ ಲೆಕ್ಕ ಕೇಳುವ ಹಕ್ಕನ್ನು ಪೂರ್ತಿಯಾಗಿ ಪಡೆದುಕೊಳ್ಳಲಾಯಿತು. ಲಿಂಗಸುಗೂರು-ಸಿಂಧನೂರು ಪ್ರದೇಶ ಹೈದರಾಬಾದಿಗೆ ಮರಳಿದ್ದು ಈ ವಿನಿಮಯದ ಭಾಗವಾಗಿ.

ಮನ್ನಾ ಆದ ಸಾಲವಾದರೂ ನಿಜವಾದ ಸಾಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಸಿಕಂದರಾಬಾದು ಮತ್ತು ಜಾಲ್ನಾ ಛಾವಣಿಗಳ ಅಬ್ಕಾರಿ ಆದಾಯ ದಶಕಗಳ ಕಾಲ ನಿಜಾಮನ ಖಾತೆಗೆ ಜಮೆಯಾಗಿರಲಿಲ್ಲ, ಅದನ್ನು ಜಮೆ ಮಾಡಿದ್ದರೆ ಬಾಕಿಯೇ ಇರುತ್ತಿರಲಿಲ್ಲ ಎಂಬುದು ಹೈದರಾಬಾದಿನ ಪಕ್ಷದ ವಾದ. ಎರಡೂ ಸರ್ಕಾರಗಳ ಪರಸ್ಪರ ಬಾಕಿಗಳನ್ನು ನಿಷ್ಪಕ್ಷಪಾತವಾಗಿ ನೋಡಿದ್ದರೆ ನಿಜಾಮನ ಮೇಲೆ ನ್ಯಾಯವಾದ ಹಕ್ಕು ಇರುತ್ತಿರಲಿಲ್ಲವೆಂದು 1860ರಲ್ಲಿ ರೆಸಿಡೆಂಟನಾಗಿದ್ದ ಕರ್ನಲ್ ಡೇವಿಡ್‌ಸನ್ನನೇ ಬರೆದಿದ್ದಾನೆ. ಲೆಕ್ಕವನ್ನು ಯಾರು ಬರೆಯುತ್ತಾರೆ ಎಂಬುದೇ ಸಾಲಗಾರ ಯಾರೆಂಬುದನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ.

ಇಲ್ಲಿ ಕಾಲದ ಹೊಂದಿಕೆಯೊಂದನ್ನು ಗಮನಿಸಬೇಕು. ನಿಜಾಮನು ಲೆಕ್ಕ ಕೇಳುವ ಹಕ್ಕನ್ನು ಬಿಟ್ಟುಕೊಟ್ಟ ಮರುವರ್ಷ, 1861ರಲ್ಲಿ, ಬ್ರಿಟನ್ನಿನ ಕಾಮನ್ಸ್ ಸಭೆ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯನ್ನು ಸ್ಥಾಪಿಸಿತು. 1866ರ ಕಾಯಿದೆಯ ಮೂಲಕ ಸರ್ಕಾರದ ವೆಚ್ಚಗಳನ್ನು ಸ್ವತಂತ್ರವಾಗಿ ತಪಾಸಣೆ ಮಾಡುವ ವ್ಯವಸ್ಥೆ ಅಲ್ಲಿ ಗಟ್ಟಿಯಾಯಿತು. ಇಂದು ಭಾರತದ ಸಂಸತ್ತು ಮತ್ತು ಕರ್ನಾಟಕ ವಿಧಾನಮಂಡಲಗಳಲ್ಲಿ ಇರುವ ಅದೇ ಹೆಸರಿನ ಸಮಿತಿಗಳು ಆ ಪರಂಪರೆಯವು. ಒಂದೇ ಪ್ರಭುತ್ವವು ತನ್ನ ಪ್ರಜೆಗಳಿಗೆ ಲೆಕ್ಕ ಒಪ್ಪಿಸುವ ಸಂಸ್ಥೆಗಳನ್ನು ಕಟ್ಟುತ್ತಲೇ ತನ್ನ ಅಧೀನರಿಂದ ಲೆಕ್ಕ ಕೇಳುವ ಹಕ್ಕನ್ನು ಕಿತ್ತುಕೊಂಡಿತು.

6. ಮಹಾಯುದ್ಧಗಳ ನಡುವೆ: ಬ್ರಿಟನ್ ಮತ್ತು ಹೈದರಾಬಾದ್

ಬ್ರಿಟನ್ ಕಟ್ಟಿಕೊಂಡ ಈ ಸಂಸ್ಥೆಗಳ ನಿಜವಾದ ಪರೀಕ್ಷೆ ಮೊದಲನೆಯ ಮಹಾಯುದ್ಧದ ಬಳಿಕ ನಡೆಯಿತು. ಮುಂದಿನ ಹತ್ತು ವರ್ಷಗಳಲ್ಲಿ ದೊಡ್ಡ ಯುದ್ಧ ಬರುವುದಿಲ್ಲವೆಂಬ ಊಹೆಯ ಮೇಲೆ ಸೈನ್ಯವೆಚ್ಚವನ್ನು ಅಂದಾಜು ಮಾಡಬೇಕೆಂದು 1919ರಲ್ಲಿ ಅಲ್ಲಿನ ಮಂತ್ರಿಮಂಡಲ ತೀರ್ಮಾನಿಸಿತು. 1919–20ರಲ್ಲಿ 76.6 ಕೋಟಿ ಪೌಂಡುಗಳಷ್ಟಿದ್ದ ರಕ್ಷಣಾ ವೆಚ್ಚ 1932ರ ವೇಳೆಗೆ ಸುಮಾರು 10.2 ಕೋಟಿ ಪೌಂಡುಗಳಿಗೆ ಇಳಿಯಿತು. 1922ರಲ್ಲಿ ಗೆಡ್ಡಿಸ್ ಸಮಿತಿಯ ಸಲಹೆಯಂತೆ ಸೈನ್ಯದ ಜೊತೆಗೆ ಶಿಕ್ಷಣ, ವಸತಿಗಳ ಖರ್ಚಿಗೂ ಕತ್ತರಿ ಬಿತ್ತು. 1921ರಲ್ಲಿ 20 ಲಕ್ಷ ದಾಟಿದ್ದ ನಿರುದ್ಯೋಗಿಗಳ ಸಂಖ್ಯೆ 1933ರ ಆರಂಭದಲ್ಲಿ 30 ಲಕ್ಷದ ಸಮೀಪಕ್ಕೆ ಬಂದಿತು. 1931ರ ಸೆಪ್ಟೆಂಬರಿನಲ್ಲಿ ವೇತನ ಕಡಿತದ ವಿರುದ್ಧ ಇನ್ವರ್‌ಗಾರ್ಡನ್ನಿನ ನಾವಿಕರು ಕೆಲಸ ನಿಲ್ಲಿಸಿದರು. 1936ರ ಅಕ್ಟೋಬರಿನಲ್ಲಿ ಹಡಗುಕಟ್ಟೆ ಮುಚ್ಚಿಹೋಗಿದ್ದ ಜ್ಯಾರೋ ಪಟ್ಟಣದ ಸುಮಾರು 200 ನಿರುದ್ಯೋಗಿಗಳು ಲಂಡನ್ನಿಗೆ ಕಾಲ್ನಡಿಗೆಯಲ್ಲಿ ಹೊರಟರು. ಯುದ್ಧನೌಕೆಗಳನ್ನು ಕಟ್ಟಿದ ಪಟ್ಟಣವದು. ಅದರ ಪ್ರತಿನಿಧಿ ಎಲೆನ್ ವಿಲ್ಕಿನ್ಸನ್ ಅವರ ಮನವಿಯನ್ನು ಕಾಮನ್ಸ್ ಸಭೆಯ ಮುಂದಿಟ್ಟರು. ಆ ಮನವಿಯಿಂದ ಕೂಡಲೇ ಕೆಲಸ ದೊರೆಯಲಿಲ್ಲ ನಿಜ. ಆದರೆ ಪ್ರಶ್ನೆ ಕೇಳಲು ಒಂದು ಸಭೆ ಇತ್ತು, ಕೇಳುವವರಿಗೆ ಒಂದು ಸ್ಥಾನವಿತ್ತು.

ಅದೇ ಅವಧಿಯಲ್ಲಿ ಭಾರತದ ಸ್ಥಿತಿ ಬೇರೆಯಾಗಿತ್ತು. 1919ರ ಕಾಯಿದೆಯ ಅನ್ವಯ ರಚಿತವಾದ ಕೇಂದ್ರ ಶಾಸನಸಭೆಯಲ್ಲಿ ಸೈನ್ಯದ ವೆಚ್ಚ ಮತಕ್ಕೆ ಹೊರಗಾಗಿತ್ತು. ಸದಸ್ಯರು ಟೀಕಿಸಬಹುದಿತ್ತು, ತಡೆಯುವಂತಿರಲಿಲ್ಲ. ಸಂಸ್ಥಾನಗಳ ಪ್ರಜೆಗಳಿಗೆ ಅಷ್ಟೂ ಇರಲಿಲ್ಲ. ಹೈದರಾಬಾದಿನ ಅರಸನಾದರೋ ಹಳೆಯ ಲೆಕ್ಕವನ್ನು ಮತ್ತೆ ತೆರೆಯಲು ಯತ್ನಿಸಿದ. 1870ರ ದಶಕದಲ್ಲಿಯೇ ದಿವಾನ ಸಾಲಾರ್ ಜಂಗ್ ಬೀರಾರವನ್ನು ಮರಳಿಸಬೇಕೆಂದು ವಾದಿಸಿ ವಿಫಲನಾಗಿದ್ದ. 1902ರಲ್ಲಿ ಕರ್ಜನ್ ವರ್ಷಕ್ಕೆ 25 ಲಕ್ಷ ರೂಪಾಯಿಗಳಿಗೆ ಅದನ್ನು ಶಾಶ್ವತ ಗುತ್ತಿಗೆಯಾಗಿ ಪಡೆದಿದ್ದ. 1923ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ವೈಸ್‌ರಾಯ್ ರೀಡಿಂಗನಿಗೆ ಪತ್ರ ಬರೆದು ಈ ವಿಷಯವನ್ನು ಮತ್ತೆ ಎತ್ತಿದ. 1926ರ ಮಾರ್ಚ್ 27ರ ಉತ್ತರದಲ್ಲಿ ರೀಡಿಂಗ್, ಭಾರತದಲ್ಲಿ ಬ್ರಿಟಿಷ್ ಚಕ್ರಾಧಿಪತ್ಯವೇ ಸರ್ವೋಚ್ಚ, ಸಂಸ್ಥಾನದ ಅರಸನು ಅದರೊಡನೆ ಸಮಾನನಾಗಿ ವಾದಿಸಲಾರ ಎಂಬ ನಿಲುವನ್ನು ಪ್ರಕಟಿಸಿದ. ಲೆಕ್ಕದ ಪ್ರಶ್ನೆಗೆ ಅಧಿಕಾರದ ಉತ್ತರ ದೊರೆಯಿತು. 1936ರ ಅಕ್ಟೋಬರಿನಲ್ಲಿ, ಜ್ಯಾರೋದ ನಿರುದ್ಯೋಗಿಗಳು ಲಂಡನ್ನಿನ ದಾರಿಯಲ್ಲಿದ್ದಾಗ, ಬೀರಾರದ ಮೇಲೆ ನಿಜಾಮನ ಸಾರ್ವಭೌಮತ್ವವನ್ನು ಹೆಸರಿನ ಮಟ್ಟಿಗೆ ಒಪ್ಪುವ ಒಡಂಬಡಿಕೆ ಆಯಿತು. ಅವನ ಉತ್ತರಾಧಿಕಾರಿಗೆ 'ಬೀರಾರದ ರಾಜಕುಮಾರ' ಎಂಬ ಬಿರುದು ದೊರೆಯಿತು. ಕೇಳಿದುದು ಸೀಮೆ, ಸಿಕ್ಕಿದುದು ಬಿರುದು.

7. ಛಾವಣಿಯ ಊರು

ಸೈನ್ಯವೆಚ್ಚದ ಚರ್ಚೆಯಲ್ಲಿ ಸುಲಭವಾಗಿ ಮರೆಯಾಗುವುದು ಆ ವೆಚ್ಚದ ಸುತ್ತ ಬದುಕು ಕಟ್ಟಿಕೊಂಡ ಊರು. ಛಾವಣಿ ಇದ್ದಲ್ಲಿ ಹುಲ್ಲು ಮಾರುವವರು, ಲಾಳ ಕಟ್ಟುವವರು, ಮೋಚಿಗಳು, ದರ್ಜಿಗಳು, ಅಂಗಡಿಕಾರರು ನೆಲೆಸುತ್ತಾರೆ. ಅವರ ಹೆಸರು ಸೈನ್ಯದ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ಸೈನ್ಯ ಹೊರಟುಹೋದಾಗ ನಷ್ಟದ ಪಟ್ಟಿಯಲ್ಲಿಯೂ ಇರುವುದಿಲ್ಲ. 1903ರಲ್ಲಿ ಕಂಟಿಂಜೆಂಟ್ ಪ್ರತ್ಯೇಕ ಸೈನ್ಯವಾಗಿ ಉಳಿಯದೆ ಭಾರತೀಯ ಸೈನ್ಯದಲ್ಲಿ ಲೀನವಾಯಿತು. 1905ರಲ್ಲಿ ಲಿಂಗಸುಗೂರು ಜಿಲ್ಲೆಯೇ ರದ್ದಾಯಿತು. ಎರಡು ವರ್ಷಗಳ ಅಂತರದಲ್ಲಿ ದಂಡಿನ ನೆಲೆ ಮತ್ತು ಜಿಲ್ಲಾ ಕೇಂದ್ರ ಎಂಬ ಎರಡೂ ಆಧಾರಗಳನ್ನು ಆ ಊರು ಕಳೆದುಕೊಂಡಿತು. ಸಮೀಪದ ಹಟ್ಟಿಯ ಚಿನ್ನದ ಗಣಿ ಮೊದಲನೆಯ ಮಹಾಯುದ್ಧದ ಪರಿಣಾಮವಾಗಿ ಮುಚ್ಚಿತು. ಜ್ಯಾರೋದ ಹಡಗುಕಟ್ಟೆ ಮುಚ್ಚಿದುದಕ್ಕೆ ಗ್ರಂಥಗಳಿವೆ, ಪಾರ್ಲಿಮೆಂಟಿನ ಚರ್ಚೆಗಳಿವೆ. ಲಿಂಗಸುಗೂರಿನ ಪರವಾಗಿ ಯಾವ ಸಭೆಯಲ್ಲಿಯೂ ಮನವಿ ಮಂಡನೆಯಾಗುವಂತಿರಲಿಲ್ಲ; ಅಂಥ ಸಭೆಯೇ ಇರಲಿಲ್ಲ.

ಇದೇ ಗಣಿಗಾರಿಕೆಯ ಹಿನ್ನೆಲೆಯಲ್ಲಿಯೇ, ಚಿನ್ನದ ಶೋಧದಲ್ಲಿ ತೊಡಗಿದ್ದ ಎಂಜಿನಿಯರ್ ಬೀಡನ್, 1915ರಲ್ಲಿ ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನವನ್ನು ಕಂಡ. 'ದೇವಾನಾಂಪ್ರಿಯ' ಎಂಬ ಬಿರುದಿನೊಂದಿಗೆ 'ಅಶೋಕ' ಎಂಬ ಹೆಸರನ್ನು ಹೇಳುವ ಈ ಪ್ರಾಕೃತ ಶಾಸನದ ಚಾರಿತ್ರಿಕ ಮಹತ್ವ ಸುಪರಿಚಿತ. ಅದರ ವಸ್ತುವಿನ ಇನ್ನೊಂದು ಮುಖ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಗಳು ಕಳೆದವು, ಆ ಅವಧಿಯಲ್ಲಿ ತನ್ನ ಪ್ರಯತ್ನ ಎಷ್ಟಿತ್ತು ಎಂಬುದನ್ನು ಅರಸನು ಅಲ್ಲಿ ತಾನಾಗಿ ನಿವೇದಿಸುತ್ತಾನೆ. ಫಲ ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ಸಿದ್ಧಿಸುತ್ತದೆ ಎನ್ನುತ್ತಾನೆ. ಇದನ್ನು ಆಧುನಿಕ ಅರ್ಥದ ಉತ್ತರದಾಯಿತ್ವವೆಂದು ಹೇಳಲಾಗದು. ಯಾರೂ ಅವನನ್ನು ಪ್ರಶ್ನಿಸುವಂತಿರಲಿಲ್ಲ. ಆದರೂ ಆಳುವವನು ತನ್ನ ಕಾಲದ ಲೆಕ್ಕವನ್ನು ಚಿಕ್ಕವರ ಎದುರಿನಲ್ಲಿ ಇಡಬೇಕೆಂಬ ಭಾವನೆ ದೋಆಬಿನ ಕಲ್ಲಿನ ಮೇಲೆ ಕ್ರಿಸ್ತಪೂರ್ವದಲ್ಲಿಯೇ ಮೂಡಿತ್ತು ಎಂಬುದನ್ನು ಅಲ್ಲಗಳೆಯಲಾಗದು.

8. ಉಪಸಂಹಾರ

ಈವರೆಗಿನ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ರಾಯಚೂರು ದೋಆಬಿನ ಪ್ರಕರಣದಲ್ಲಿ ಸೈನ್ಯವೆಚ್ಚ ಮಿತಿಮೀರಿದ್ದು ವೆಚ್ಚ ಮಾಡುವವರು ಹಣ ಕೊಡುವವರಿಗೆ ಹೊಣೆಯಾಗಿರಲಿಲ್ಲವಾದ್ದರಿಂದ. ಎರಡನೆಯದಾಗಿ, 1853ರಲ್ಲಿ ಕರಾರಿನ ರೂಪದಲ್ಲಿದ್ದ ಲೆಕ್ಕ ಕೇಳುವ ಹಕ್ಕು 1860ರಲ್ಲಿ ವಿನಿಮಯದ ಸರಕಾಗಿ ಮಾರ್ಪಟ್ಟಿತು. ಅರಸನೊಬ್ಬನ ಕೈಯಲ್ಲಿ ಮಾತ್ರ ಇರುವ ಹಕ್ಕನ್ನು ಅರಸನೊಬ್ಬನು ಬಿಟ್ಟುಕೊಡಬಹುದು. ಪ್ರಜೆಗಳಲ್ಲಿ ಹಂಚಿಹೋಗಿದ್ದರೆ ಅದು ಅಷ್ಟು ಸುಲಭವಾಗುತ್ತಿರಲಿಲ್ಲ. ಮೂರನೆಯದಾಗಿ, ಸೈನ್ಯವನ್ನು ಕಟ್ಟುವುದರಿಂದಲೂ ವಿಸರ್ಜಿಸುವುದರಿಂದಲೂ ಬಾಧಿತರಾಗುವ ಸಾಮಾನ್ಯರು ಪ್ರಾತಿನಿಧ್ಯವಿಲ್ಲದಿದ್ದಾಗ ದಾಖಲೆಗಳಿಂದಲೇ ಹೊರಗುಳಿಯುತ್ತಾರೆ.

ಈ ಮೂರನೆಯ ಅಂಶವು ಕನ್ನಡ ಸಂಶೋಧನೆಗೆ ನೇರವಾಗಿ ಸಂಬಂಧಿಸಿದೆ. ಒಪ್ಪಂದಗಳ ಭಾಷೆ ಇಂಗ್ಲಿಷು, ದರಬಾರಿನ ಭಾಷೆ ಪಾರಸಿ, ಮುಂದೆ ಉರ್ದು. ಕಂದಾಯ ತೆತ್ತವನ ಭಾಷೆ ಕನ್ನಡ. ಹಳ್ಳಿಯ ಕುಲಕರ್ಣಿ ಮನೆತನಗಳ ಕಡತಗಳು, ದೇಸಗತಿಗಳ ಕಾಗದಪತ್ರಗಳು, ಮೊಹರಮ್ ಪದಗಳು ಮತ್ತು ಲಾವಣಿಗಳನ್ನು ರೆಸಿಡೆನ್ಸಿಯ ದಾಖಲೆಗಳೊಂದಿಗೆ ತಾಳೆ ನೋಡಿದಾಗ ಮಾತ್ರ ಲಿಂಗಸುಗೂರು, ಸಿಂಧನೂರು, ಮಸ್ಕಿ ಪ್ರದೇಶದ ಜನ ಆ ಏಳು ವರ್ಷಗಳನ್ನು ಹೇಗೆ ಕಂಡರೆಂಬುದು ತಿಳಿಯಬಹುದು. ಪ್ರಭುತ್ವವು ಒಪ್ಪಿಸದೆ ಉಳಿಸಿದ ಲೆಕ್ಕವನ್ನು ಚರಿತ್ರೆಕಾರನು ಒಪ್ಪಿಸಬೇಕಾಗುತ್ತದೆ. ಅದಕ್ಕೆ ಮೊದಲು, ಲೆಕ್ಕಕ್ಕಿಲ್ಲದವರೆಂದು ಬಿಟ್ಟವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.